ಮೊದಲು ಮೀಟರ್, ರಿಲೇ ಆಮೇಲೆ

ಕಾರ್ಬುರೇಟರ್ ಕಿತ್ತು ಹೋಲಿ ಕಂಪನಿಯ ಸ್ನೈಪರ್ ಥರದ ಎಲೆಕ್ಟ್ರಾನಿಕ್ ಇಂಧನ ಇಂಜೆಕ್ಷನ್ ಕೂರಿಸಿದ ಹಳೇ ಅಮೆರಿಕನ್ ಕಾರುಗಳಲ್ಲಿ ಪದೇಪದೇ ಕೇಳುವ ದೂರು ಇದು: ಸೆಲ್ಫ್ ಹೊಡೆದಷ್ಟು ಹೊತ್ತೂ ಎಂಜಿನ್ ಹತ್ತಲ್ಲ, ಕೀ ಬಿಟ್ಟಾಗ ಒಮ್ಮೆ ಕೆಮ್ಮಿ ಸುಮ್ಮನಾಗುತ್ತೆ. ಪಂಪ್ ಬದಲಾಯಿಸಿ, ಟ್ಯೂನ್ ತಿದ್ದಿ ದುಡ್ಡು ಸುರಿಯೋರು ಬಹಳ. ಎಷ್ಟೋ ಸಲ ತಪ್ಪಿರೋದು ಕೀ ಆನ್ ಆಗಿದೆ ಅಂತ ಸ್ನೈಪರ್‌ಗೆ ತಿಳಿಸೋ ಸಣ್ಣ ಗುಲಾಬಿ ವೈರಲ್ಲಿ.

ಸ್ನೈಪರ್‌ನ ದಪ್ಪ ಕೆಂಪು, ಕಪ್ಪು ವೈರು ನೇರ ಬ್ಯಾಟರಿಗೇ ಹೋಗಬೇಕು, ಅದರಲ್ಲಿ ಚರ್ಚೆ ಬೇಡ. ಗುಲಾಬಿಗೆ ಮಾತ್ರ ಕೀ ಆನ್ ಇದ್ದಾಗಲೂ, ಸೆಲ್ಫ್ ಹೊಡೆಯುವಾಗಲೂ ಕರೆಂಟ್ ಬೇಕು. ರೇಡಿಯೊ ಫ್ಯೂಸಿಂದ ಎಳೆದರೆ ಸೆಲ್ಫ್ ಹೊಡೆದ ತಕ್ಷಣ ಅದು ಸತ್ತುಹೋಗುತ್ತೆ, ಇಂಜೆಕ್ಷನ್ ನಡೆಸೋ ಕಂಪ್ಯೂಟರ್ (ಇಸಿಯು) ಆಫ್ ಆಗುತ್ತೆ. ಇಗ್ನಿಷನ್ ಕಾಯಿಲ್ ಪ್ಲಸ್‌ನಿಂದ ಎಳೆದರೆ ರೆಸಿಸ್ಟರ್ ದಾಟಿ ಬಂದ ಕಡಿಮೆ ವೋಲ್ಟೇಜು, ಜೊತೆಗೆ ವಿದ್ಯುತ್ ಗದ್ದಲ. "ರಿಲೇ ಹಾಕಿ, ಸರಿಹೋಗುತ್ತೆ" ಅನ್ನೋ ಸಲಹೆ ಅರ್ಧ ಸತ್ಯ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ನಡೆಯೋ ಸ್ವಿಚ್ಚು, ಅದನ್ನ ನಡೆಸೋ ವೈರೇ ಸತ್ತರೆ ರಿಲೇಯೂ ಬಿಟ್ಟುಕೊಳ್ಳುತ್ತೆ.

ಪರೀಕ್ಷೆ ಸುಲಭ. ಎಂಜಿನ್ ಹತ್ತದಂತೆ ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆಯಿರಿ. ನೋಡಬೇಕಾದ ವೈರಿನಿಂದ ಅರ್ತ್‌ಗೆ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಕಟ್ಟಿ. ಮೀಟರಿನ ಕೆಂಪು ಕಡ್ಡಿ ಬ್ಯಾಟರಿ ಪ್ಲಸ್‌ಗೆ, ಕಪ್ಪು ಕಡ್ಡಿ ಆ ವೈರಿಗೆ. ಕೀ ಆನ್‌ನಲ್ಲೂ ಸೆಲ್ಫ್‌ನಲ್ಲೂ ಅರ್ಧ ವೋಲ್ಟ್ ಒಳಗಿದ್ದರೆ ಆ ವೈರು ಸರಿ. ಬಲ್ಬ್ ಇಲ್ಲದೆ ಬರೀ ಮೀಟರ್ ಹಿಡಿದರೆ ರೆಸಿಸ್ಟರ್ ದಾಟಿ ಬಂದ ವೈರೂ 12 ವೋಲ್ಟ್ ತೋರಿಸಿ ಮೋಸ ಮಾಡುತ್ತೆ.

ಪಾಯಿಂಟ್ (ಕಿಡಿಗಾಗಿ ಕಾಯಿಲ್ ಕರೆಂಟ್ ಕತ್ತರಿಸೋ ಹಳೇ ಕಾಂಟ್ಯಾಕ್ಟು) ಕಾಲದ ಶೆವ್ರೊಲೆಯಲ್ಲಿ ಇಗ್ನಿಷನ್ ಸ್ವಿಚ್ಚಿನ ಬೆನ್ನಿಗಿರೋ ಗುಲಾಬಿ ವೈರು ಸಾಮಾನ್ಯವಾಗಿ ಪಾಸಾಗುತ್ತೆ. ರೆಸಿಸ್ಟೆನ್ಸ್ ವೈರು ಶುರುವಾಗೋದು ಅದರ ಮುಂದೆ.

ತಲೆನೋವು ಡಾಡ್ಜ್, ಪ್ಲಿಮತ್‌ಗಳದ್ದು. ಅಲ್ಲಿ ನೀಲಿ ವೈರಿಗೆ ಕೀ ಆನ್‌ನಲ್ಲಿ ಮಾತ್ರ ಕರೆಂಟ್, ಕಂದು ವೈರಿಗೆ ಸೆಲ್ಫ್‌ನಲ್ಲಿ ಮಾತ್ರ. ಇನ್ನೊಂದು ಹೊತ್ತಿನಲ್ಲಿ ಎರಡಕ್ಕೂ ಸಿಗೋದು ಬ್ಯಾಲಾಸ್ಟ್ (ಕಾಯಿಲಿನ ರೆಸಿಸ್ಟರ್) ಮೂಲಕ ನುಸುಳಿದ್ದಷ್ಟೇ. ಎರಡನ್ನೂ ಸೇರಿಸಿ ತಿರುಚಿಬಿಡಿ ಅನ್ನೋರಿದ್ದಾರೆ. ಹಳೇ ಪಾಯಿಂಟ್ ಇನ್ನೂ ಇದ್ದರೆ ಬ್ಯಾಲಾಸ್ಟ್ ಬಿಟ್ಟು ಕರೆಂಟ್ ನೇರ ಹರಿದು ಪಾಯಿಂಟ್ ಸುಡುತ್ತೆ. ಹಾಗಾಗಿ ನನ್ನ ಮತ ಕರೆಂಟನ್ನ ಒಂದೇ ದಿಕ್ಕಿಗೆ ಬಿಡೋ ಎರಡು ಡಯೋಡಿಗೆ. ನೀಲಿಯಿಂದ ಒಂದು, ಕಂದಿನಿಂದ ಒಂದು, ಎರಡೂ ರಿಲೇಯ 86 ಅಂತ ಬರೆದಿರೋ ಪಿನ್ನಿಗೆ, ಪಟ್ಟಿ ಇರೋ ತುದಿ ರಿಲೇ ಕಡೆಗೆ. 85 ಅರ್ತ್, 30ಕ್ಕೆ ಬ್ಯಾಟರಿಯಿಂದ 5 ಆಂಪ್ ಫ್ಯೂಸ್ ಮೂಲಕ, 87 ಸ್ನೈಪರ್‌ನ ಗುಲಾಬಿಗೆ. ಡಯೋಡ್ ಕಮ್ಮಿ ವೋಲ್ಟೇಜ್ ತಿನ್ನೋ ಶಾಟ್‌ಕಿ ಆಗಿರಲಿ, 1ಎನ್5822 ಸಾಕು. ಸೆಲ್ಫ್ ಹೊಡೆಯುವಾಗ ಬ್ಯಾಟರಿಯೇ 10 ವೋಲ್ಟಿಗೆ ಇಳಿದಿರುತ್ತೆ, ಅದರಲ್ಲಿ ಮಾಮೂಲಿ ಡಯೋಡ್ 0.7 ವೋಲ್ಟ್ ತಿಂದರೆ ರಿಲೇಗೆ ಸಿಗೋದು ಇನ್ನೂ ಕಮ್ಮಿ. ರಿಲೇ ಒಳಗೇ ರೆಸಿಸ್ಟರ್ ಇರೋದನ್ನ ಕೊಳ್ಳಿ. ಕೀ ತೆಗೆದಾಗ ರಿಲೇ ಸುರುಳಿ ಒದೆಯೋ ವೋಲ್ಟೇಜನ್ನ ಅದು ತಗ್ಗಿಸುತ್ತೆ.

ಇಷ್ಟಾದ ಮೇಲೆ ಕೀ ತೆಗೆದರೂ ಎಂಜಿನ್ ಓಡ್ತಾನೇ ಇದ್ದರೆ ಆಲ್ಟರ್ನೇಟರ್ ಕಡೆ ನೋಡಿ. ಒಳಗೇ ರೆಗ್ಯುಲೇಟರ್ ಇರೋ ಜಿಎಂ (ಜನರಲ್ ಮೋಟರ್ಸ್) ಆಲ್ಟರ್ನೇಟರಿನ 1ನೇ ಟರ್ಮಿನಲ್ಲಿನ ಸಣ್ಣ ವೈರಿಂದ ಕರೆಂಟ್ ಹಿಂದಕ್ಕೆ ಹರಿದು ಗುಲಾಬಿಯನ್ನ ಜೀವಂತ ಇಡುತ್ತೆ. ಆ ವೈರಿಗೆ ಒಂದು ಡಯೋಡ್ ಹಾಕಿ, ಪಟ್ಟಿ ಆಲ್ಟರ್ನೇಟರ್ ಕಡೆಗೆ.