ಖ್ಯಾತರಿಗೆ ಮಾತ್ರ ಪ್ರವೇಶ

ಹೊಸ ಆಲ್ಬಂ ಹೊರತಂದ ಬ್ರಿಟಿಷ್ ಸಂಗೀತಗಾರನೊಬ್ಬ ಅಮೆರಿಕದ ನಾಲ್ಕಾರು ಊರುಗಳಲ್ಲಿ ಹಾಡಿ ಪ್ರಚಾರ ಮಾಡಿಕೊಂಡು ಬರಬೇಕೆಂದರೆ, ಗಿಟಾರಿನ ತಂತಿ ಬಿಗಿಯುವ ಮೊದಲು ತಾನು 'ಅಸಾಧಾರಣ ಸಾಮರ್ಥ್ಯ'ದವನೆಂದು ಅಲ್ಲಿನ ವಲಸೆ ಇಲಾಖೆಗೆ ಕಾಗದಪತ್ರಗಳ ಮೂಲಕ ಸಾಬೀತುಪಡಿಸಬೇಕು. ಇದು ಒ-1 ವೀಸಾದ ಷರತ್ತು. ತಂಡವಾಗಿ ಹೋಗುವವರಿಗೆ ಪಿ-1 ಇದೆ. ಅದಕ್ಕೆ ತಂಡವು ಆಗಲೇ 'ಅಂತರರಾಷ್ಟ್ರೀಯ ಮನ್ನಣೆ' ಪಡೆದಿರಬೇಕು. ಮನ್ನಣೆ ಸಿಗಲಿ ಎಂದೇ ಅಲ್ಲವೇ ಈ ಪ್ರವಾಸ ಎಂದು ಕೇಳುವಂತಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ನಮ್ಮ ಗಾದೆಯನ್ನು ವಾಷಿಂಗ್ಟನ್ನಿನಲ್ಲಿ ಯಾರೋ ನಿಯಮಾವಳಿಯಾಗಿ ಅಚ್ಚು ಹಾಕಿಸಿದ್ದಾರೆ.

ಅರ್ಜಿ ಪರಿಶೀಲಿಸುವ ಅಧಿಕಾರಿ ಹಾಡು ಕೇಳಬೇಕಾದ ಅಗತ್ಯವೇನಿಲ್ಲ. ಪತ್ರಿಕಾ ವಿಮರ್ಶೆಗಳ ತುಣುಕು, ಮಾರಾಟದ ಲೆಕ್ಕ, ಬಲ್ಲವರ ಪ್ರಶಂಸೆ, ಭಾರೀ ಸಂಭಾವನೆಯ ದಾಖಲೆ ಮೊದಲಾದ ಆರು ಬಗೆಯ ಪುರಾವೆಗಳಲ್ಲಿ ಮೂರನ್ನು ಒದಗಿಸಿದರೂ ಪ್ರತಿಭೆಗೆ ಮೊಹರು ಬೀಳಬಹುದು. ತಂಡದ ವಿಷಯದಲ್ಲಿ ಗಣಿತವೂ ಸೇರಿಕೊಳ್ಳುತ್ತದೆ: ಶೇ 75ರಷ್ಟು ಸದಸ್ಯರು ಕನಿಷ್ಠ 1 ವರ್ಷದಿಂದ ಜೊತೆಗಿರಬೇಕು. ಮೂವರ ತಂಡದಲ್ಲಿ ಡ್ರಮ್ ಬಾರಿಸುವವನು ಕಳೆದ ತಿಂಗಳಷ್ಟೇ ಬದಲಾಗಿದ್ದರೆ, ಹೊಸಬನು ಎಷ್ಟೇ ಚೆನ್ನಾಗಿ ಬಾರಿಸಲಿ, ತಾಳ ತಪ್ಪದಿದ್ದರೂ ಲೆಕ್ಕ ತಪ್ಪುತ್ತದೆ.

ಅರ್ಜಿಯನ್ನಾದರೂ ಸಂಗೀತಗಾರನೇ ಹಾಕುವಂತಿಲ್ಲ. ಅಮೆರಿಕದ ಏಜೆಂಟನೋ ಉದ್ಯೋಗದಾತನೋ ಅವನ ಪರವಾಗಿ ಐ-129 ನಮೂನೆ ತುಂಬಬೇಕು. ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರುಗಳ ಎಚ್-1ಬಿಗೂ ಇದೇ ನಮೂನೆಯಾದ್ದರಿಂದ ನಮ್ಮವರಿಗೆ ಇದರ ಪರಿಚಯ ಹೇಳಬೇಕಾಗಿಲ್ಲ. 2024ರ ಏಪ್ರಿಲ್ 1ಕ್ಕೆ ಮುಂಚೆ 460 ಡಾಲರ್ ಇದ್ದ ಇದರ ಶುಲ್ಕ, ದೊಡ್ಡ ಸಂಸ್ಥೆ ಸಲ್ಲಿಸುವ ಒ ವೀಸಾ ಅರ್ಜಿಗೆ ಒಮ್ಮೆಲೇ 1,655 ಡಾಲರಿಗೆ ಏರಿತು. ಅದರಲ್ಲಿ 600 ಡಾಲರ್, ಆಶ್ರಯ ಕೋರಿ ಬಂದವರ ಅರ್ಜಿಗಳನ್ನು ವಿಲೇವಾರಿ ಮಾಡುವ ಖರ್ಚಿಗೆ ಮೀಸಲು. ಮೂರು ವಾರ ಹಾಡಿ ಮನೆಗೆ ಮರಳುವವನಿಂದ, ಅಲ್ಲೇ ಉಳಿಯಬೇಕೆಂದು ಬಂದವರ ವೆಚ್ಚ ವಸೂಲು ಮಾಡುವ ಈ ಜಾಣತನಕ್ಕೆ ಯಾವ ವೀಸಾ ಕೊಡಬೇಕೋ ತಿಳಿಯದು. ಧ್ವನಿ ವ್ಯವಸ್ಥೆ ನೋಡಿಕೊಳ್ಳುವವನಿಗೆ ಬೇರೆಯೇ ಅರ್ಜಿ, ಬೇರೆಯೇ ಶುಲ್ಕ. ಕೆಲಸದ 15 ದಿನಗಳೊಳಗೆ ಉತ್ತರ ಬೇಕಿದ್ದರೆ, ನಮ್ಮ ರೈಲ್ವೆಯ ತತ್ಕಾಲ್ ಹಾಗೆ, ಇನ್ನೂ ಎರಡು ಸಾವಿರಕ್ಕೂ ಮಿಕ್ಕ ಡಾಲರ್ ತೆರಬೇಕು.

ಇಷ್ಟರ ಜೊತೆಗೆ ಅಮೆರಿಕದ ಸಂಗೀತಗಾರರ ಕಾರ್ಮಿಕ ಸಂಘದ ಅಭಿಪ್ರಾಯಪತ್ರವೂ ಬೇಕು. 1965ರಿಂದ 1969ರವರೆಗೆ ಲಂಡನ್ನಿನ ಕಿಂಕ್ಸ್ ತಂಡ ಅಮೆರಿಕದಲ್ಲಿ ನುಡಿಸದಂತೆ ತಡೆದದ್ದು ಈ ಸಂಘವೇ.

ಸಾಮರ್ಥ್ಯ ಜಗತ್ತಿಗೇ ಗೊತ್ತಿದ್ದವರ ಪಾಡೂ ಬೇರೆಯಲ್ಲ. 2004ರ ಸೆಪ್ಟೆಂಬರಿನಲ್ಲಿ, ಕ್ಯಾಟ್ ಸ್ಟೀವನ್ಸ್ ಎಂದು ಹೆಸರಾಗಿ ಮುಂದೆ ಯೂಸುಫ್ ಇಸ್ಲಾಂ ಆದ ಹಾಡುಗಾರರು ಲಂಡನ್ನಿನಿಂದ ವಾಷಿಂಗ್ಟನ್ನಿಗೆ ವಿಮಾನ ಹತ್ತಿದರು. ಅವರ ಹೆಸರು ನಿಗಾಪಟ್ಟಿಯಲ್ಲಿದೆ ಎಂಬುದು ಅಧಿಕಾರಿಗಳಿಗೆ ಹೊಳೆದದ್ದು ವಿಮಾನ ಆಕಾಶದಲ್ಲಿದ್ದಾಗ. ಅದನ್ನು ಮೇಯ್ನ್ ರಾಜ್ಯದ ಬ್ಯಾಂಗರಿನಲ್ಲಿ ಇಳಿಸಿ, ಶಾಂತಿಯ ಹಾಡುಗಳಿಗೆ ಪ್ರಸಿದ್ಧರಾದ ಆ ಮನುಷ್ಯನನ್ನು ವಿಚಾರಿಸಿ, ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸು ಕಳುಹಿಸಿದರು. ಅವರೇ 2006ರ ಡಿಸೆಂಬರಿನಲ್ಲಿ ಹೊಸ ಆಲ್ಬಮ್ಮಿನ ಪ್ರಚಾರಕ್ಕೆಂದು ಬಂದಾಗ ಬಾಗಿಲು ತೆರೆಯಿತು. ಮನುಷ್ಯ ಅವನೇ, ಗಡ್ಡವೂ ಅದೇ. ಹೊಸದಾಗಿ ಸೇರಿದ್ದು ಆಲ್ಬಂ ಒಂದೇ.

ಹೀಗೆ ಒಳಹೊಕ್ಕವನ ಸಂಪಾದನೆಯಲ್ಲಿ, ಮೊದಲೇ ವಿನಾಯಿತಿ ಪಡೆದಿರದಿದ್ದರೆ, ಶೇ 30ರಷ್ಟು ತೆರಿಗೆಯಾಗಿ ಮುಂಗಡವೇ ಕಡಿತವಾಗುತ್ತದೆ. ಬಸ್ಸಿನ ಬಾಡಿಗೆ, ಹೋಟೆಲಿನ ಖರ್ಚುಗಳನ್ನು ಕಳೆಯುವುದಕ್ಕೂ ಮುಂಚಿನ ಮೊತ್ತದ ಮೇಲೆ ಈ ಕಡಿತ. ಉಳಿದ ಭರವಸೆಯೆಂದರೆ, ಕಛೇರಿ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿನ ಮೇಲೆ ಮಾರಾಟಕ್ಕಿಡುವ ಟೀ ಶರ್ಟುಗಳು. ವೀಸಾ ಅರ್ಜಿಗೆ ಕಾರ್ಯಕ್ರಮಗಳ ಪಟ್ಟಿ ಲಗತ್ತಿಸಲೇಬೇಕಾದ್ದರಿಂದ ದಿನಾಂಕಗಳು ಮೊದಲೇ ಗೊತ್ತಾಗಿ, ಟಿಕೆಟ್ಟು ಬಿಕರಿಯಾಗಿ, ಊರುಗಳ ಹೆಸರು ಅಂಗಿಯ ಬೆನ್ನಿನ ಮೇಲೆ ಸಾಲಾಗಿ ಅಚ್ಚಾಗಿರುತ್ತವೆ. ವೀಸಾ ಬರುವುದು ತಡವಾಗಿ ಅವನು ಮುಖ ಕೂಡ ನೋಡದ ಊರುಗಳೂ ಅದರಲ್ಲಿರುತ್ತವೆ.