ಒಂಬತ್ತು ಚಪ್ಪಾಳೆಯ ಡಾಕ್ಟರು

ಕಿವಿ, ಮೂಗು, ಗಂಟಲು ನೋಡುವ ಡಾಕ್ಟರಿಗೆ ಫ್ರೆಂಚಿನಲ್ಲಿ ಏನನ್ನುತ್ತಾರೆ ಅಂತ ಸುಮ್ನೆ ನಿಘಂಟು ತೆಗೆದೆ. ಒಂದೇ ಪದ, otorhinolaryngologiste, ಸಾಲಾಗಿ 22 ರೋಮನ್ ಅಕ್ಷರ. ರೈಲ್ವೆ ಗೇಟಿನಲ್ಲಿ ನಿಂತು ಗೂಡ್ಸ್ ಗಾಡಿಯ ಡಬ್ಬಿ ಎಣಿಸಿದ ಹಾಗಾಯಿತು. ಒಂದೇ ಉಸಿರಿಗೆ ಓದಲು ಹೋಗಿ ಅರ್ಧದಲ್ಲೇ ಹಳಿ ತಪ್ಪಿದೆ.

"ಚಪ್ಪಾಳೆ ತಟ್ಟುತ್ತಾ ಬಿಡಿಸಿ" ಎಂದರು ಮೇಷ್ಟ್ರು. ಒ-ತೊ-ರಿ-ನೊ-ಲ-ರ‍್ಯಾಂ-ಗೊ-ಲೊ-ಜಿಸ್ತ್. ಒಂಬತ್ತೇ ಚಪ್ಪಾಳೆ! ಕನ್ನಡದಲ್ಲಿ ಬರೆದುಕೊಂಡ ಮೇಲಂತೂ ನಗು ಬಂತು. ಇದು ನಮ್ಮ ಕಾಗುಣಿತವೇ ಅಲ್ವಾ? ಫ್ರೆಂಚರಿಗೂ ಆದಷ್ಟು ಸ್ವರದಲ್ಲೇ ತುಂಡು ಮುಗಿಸುವ ಚಾಳಿ. 'ಒತೊ' ಅಂದರೆ ಗ್ರೀಕರ ಕಿವಿ, 'ರಿನೊ' ಮೂಗು, ಅದರ ಹಿಂದೆ ಗಂಟಲಿನ ಧ್ವನಿಪೆಟ್ಟಿಗೆ. ಘೇಂಡಾಮೃಗ 'ರೈನೊ' ಆಗಿದ್ದೂ ಇದೇ ಮೂಗಿನಿಂದ. ಡಾಕ್ಟರಿಗೆ ಹೇಳಬೇಡಿ.

ಬರೆದದ್ದನ್ನೆಲ್ಲ ಓದುವ ಹಾಗಿಲ್ಲ. ಮೊದಲ 'ರ'ದ ಪಕ್ಕ ಒಂದು 'ಹ' ಕೂತಿದೆ, ಬಾಯೇ ಬಿಡುವುದಿಲ್ಲ. 'ರ‍್ಯಾಂ' ಒಳಗಿನ 'ನ' ನಾಲಿಗೆಗೆ ಸಿಗದೆ ಮೂಗಿಗೆ ಹೋಗುತ್ತದೆ. ಸರಿಯಾದ ಡಾಕ್ಟರನ್ನೇ ಹುಡುಕಿಕೊಂಡಿದೆ. ಎರಡನೆಯ 'ಗ' ಮುಂದೆ 'ಇ' ಕಂಡ ಕೂಡಲೇ ಕರಗಿ, ಇಂಗ್ಲಿಷಿನ 'ವಿಷನ್' ನಡುವಿನ ಸದ್ದಾಗುತ್ತದೆ. ಅದಕ್ಕೆ ನಮ್ಮಲ್ಲಿ ಅಕ್ಷರವಿಲ್ಲ. 'ಜ' ಬರೆದು ಕೈ ತೊಳೆದುಕೊಂಡೆ. ಕೊನೆಯಲ್ಲಿರುವ 'ಎ' ಪ್ಯಾರಿಸಿನ ಕಡೆ ಮೌನ. ದಕ್ಷಿಣ ಫ್ರಾನ್ಸಿನವರ ಬಾಯಲ್ಲಿ ಮಾತ್ರ ಸಣ್ಣಗೆ ಕೇಳುತ್ತದೆ, ಹತ್ತನೆಯ ಚಪ್ಪಾಳೆಯಾಗಿ. ಬಸ್ಸಿಗೆ, ಕಾರಿಗೆ ಬಾಲ ಅಂಟಿಸಿದ ನಮಗೆ ಅವರೇ ಹತ್ತಿರದ ನೆಂಟರು.

ಇಷ್ಟು ಒದ್ದಾಡಿದ ಮೇಲೆ ಗೊತ್ತಾಯಿತು, ಫ್ರೆಂಚರೇ ಇದನ್ನು ಪೂರ್ತಿ ಹೇಳುವುದು ಕಡಿಮೆ. ನಾವು ಇಎನ್‌ಟಿ ಅನ್ನುವ ಹಾಗೆ ಅವರು 'ಒ-ಎರ್-ಎಲ್' ಅಂದು ಮುಗಿಸುತ್ತಾರೆ. ಜಾಸ್ತಿ ಅಂದರೆ 'ಒತೊರಿನೊ'.

ಆದರೂ ನನಗೆ ಹಟ. ಉಳಿದದ್ದು 'ರ' ಒಂದೇ. ನಮ್ಮ 'ರ' ನಾಲಿಗೆಯ ತುದಿಯಲ್ಲಿ ಕುಣಿಯುತ್ತದೆ. ಅವರದು ಕಿರುನಾಲಿಗೆಯ ಹತ್ತಿರ ಉಜ್ಜಿಕೊಂಡು ಬರಬೇಕು. ಕನ್ನಡಿಯ ಮುಂದೆ ನಿಂತು ಹತ್ತು ನಿಮಿಷ ಗೊರ ಗೊರ ಅನ್ನಿಸಿದೆ. ಅಮ್ಮ ಅಡುಗೆಮನೆಯಿಂದಲೇ "ಗಂಟಲು ಕೆಟ್ಟಿದೆ ಅಂತ ಬೆಳಿಗ್ಗೇನೇ ಹೇಳಬಾರದಿತ್ತಾ?" ಎಂದು ಬೈದು, ಬಿಸಿ ಉಪ್ಪುನೀರು ತಂದಿಟ್ಟರು. ಎದುರಾಡದೆ ಗಂಟಲಿಗೆ ಹಾಕಿ ಗುಳುಗುಳು ಮಾಡಿದೆ.

ಅರ್ಧ ಲೋಟದಲ್ಲೇ 'ರ' ಬಂತು.