ಎಸ್‌ಎಂಪಿಎಸ್ ಯಾವುದು ಹಾಕ್ತೀರಾ ಅಂತ ಮೊದಲು ಕೇಳಿ

ಎರಡು ವಾರದ ಹಿಂದೆ, ಶನಿವಾರ ಸಂಜೆ. ಬೆಂಗಳೂರಿನ ಹನುಮಂತನಗರದಲ್ಲಿ ಜೋರು ಮಳೆ, ಗುಡುಗು ಬೇರೆ. ನಾನು ಒಂದು ಕಥಾಸಂಕಲನದ ಕೊನೆಯ ಪುಟಗಳನ್ನು ಕೂರಿಸುತ್ತಿದ್ದೆ. ಬುಧವಾರ ಚಾಮರಾಜಪೇಟೆಯ ಪ್ರೆಸ್ಸಿಗೆ ಫೈಲ್ ಹೋಗಬೇಕಿತ್ತು. ಬಿಡುಗಡೆಯ ಆಮಂತ್ರಣ ಆಗಲೇ ಅಚ್ಚಾಗಿ ಹಂಚಿಯೂ ಆಗಿತ್ತು. ಕರೆಂಟ್ ಹೋಯಿತು, ಬಂತು, ಮತ್ತೆ ಹೋಯಿತು. ಎರಡನೇ ಸಲ ಬಂದಾಗ ಮೇಜಿನ ಕೆಳಗಿನಿಂದ ಟಪ್ ಅಂತ ಒಂದು ಸಣ್ಣ ಸದ್ದು. ಸ್ಕ್ರೀನ್ ಕಪ್ಪಾಯಿತು. ಒಂದು ನಿಮಿಷದಲ್ಲಿ ವಾಸನೆ ಬಂತು. ಬರೀ ಪ್ಲಾಸ್ಟಿಕ್ ಸುಟ್ಟ ವಾಸನೆಯಲ್ಲ, ಅದರಲ್ಲಿ ಸ್ವಲ್ಪ ಮೀನಿನ ವಾಸನೆ ಬೆರೆತಂತೆ ಇತ್ತು.

ಮನೆಯಿಂದಲೇ ಪುಸ್ತಕಗಳ ಪುಟವಿನ್ಯಾಸ ಮಾಡಿ ಬದುಕುವವಳು ನಾನು. ಇರುವುದು ಒಂದೇ ಕಂಪ್ಯೂಟರ್. ಆ ಕ್ಷಣ ಕೈಕಾಲು ತಣ್ಣಗಾದವು. ಮದರ್‌ಬೋರ್ಡ್ ಹೋಯಿತಾ? ಹಾರ್ಡ್ ಡಿಸ್ಕ್ ಹೋಯಿತಾ? ಅದರಲ್ಲಿರುವ ಇನ್ನೂರ ನಲವತ್ತು ಪುಟ?

ತಮ್ಮನಿಗೆ ಫೋನ್ ಮಾಡಿದೆ. ಅವನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವನು, ಪೀಣ್ಯದಲ್ಲಿ ಕೆಲಸ. ಮೊದಲ ಮಾತೇ, "ಅಕ್ಕ, ಗೋಡೆ ಪ್ಲಗ್ ಕಿತ್ತು ಹಾಕು. ಮತ್ತೆ ಆನ್ ಮಾಡಿ ನೋಡೋಣ ಅಂತ ಹೋಗಬೇಡ." ಈ ಮಾತನ್ನು ನೀವೂ ನೆನಪಿಡಿ. ಸುಟ್ಟ ವಾಸನೆ ಬಂದ ಮೇಲೆ ಇನ್ನೊಂದು ಸಲ ಸ್ವಿಚ್ ಒತ್ತಿದರೆ, ಉಳಿದಿರುವ ಬೋರ್ಡೂ ಹೋಗಬಹುದು.

ಭಾನುವಾರ ಬೆಳಿಗ್ಗೆ ಅವನೇ ಬಂದ. ಅವನ ಅನುಮಾನ ಎಸ್‌ಎಂಪಿಎಸ್ ಮೇಲೆ, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ವೋಲ್ಟೇಜಿಗೆ ಇಳಿಸಿ ಕೊಡುವ ಡಬ್ಬದ ಮೇಲೆ. ಅದರಿಂದ ಬೋರ್ಡಿಗೆ, ಡಿಸ್ಕಿಗೆ ಹೋಗುವ ಎಲ್ಲ ವೈರ್‌ಗಳನ್ನು ಬಿಚ್ಚಿದ. 24 ಪಿನ್ನಿನ ದೊಡ್ಡ ಕನೆಕ್ಟರ್‌ನಲ್ಲಿ ಹಸಿರು ವೈರ್ ಒಂದೇ ಒಂದು ಇರುತ್ತದೆ. ಅದಕ್ಕೂ ಪಕ್ಕದ ಕಪ್ಪು ವೈರಿಗೂ ಒಂದು ಜೆಮ್ ಕ್ಲಿಪ್ ಸೇರಿಸಿ, ಆಮೇಲೆ ಪ್ಲಗ್ ಹಾಕಿ ಸ್ವಿಚ್ ಒತ್ತಿದ. ಎಸ್‌ಎಂಪಿಎಸ್ ಬದುಕಿದ್ದರೆ ಅದರ ಫ್ಯಾನ್ ತಿರುಗಬೇಕು. ತಿರುಗಲಿಲ್ಲ. ನೇರಳೆ ವೈರಿನಲ್ಲಿ ಯಾವಾಗಲೂ ಇರಬೇಕಾದ 5 ವೋಲ್ಟೂ ಮೀಟರಿನಲ್ಲಿ ಕಾಣಲಿಲ್ಲ. ಇಲ್ಲಿ ಒಂದು ವಿಷಯ ಹೇಳಬೇಕು. ಫ್ಯಾನ್ ತಿರುಗಿದರೂ ಎಸ್‌ಎಂಪಿಎಸ್ ಚೆನ್ನಾಗಿದೆ ಅಂತ ಅರ್ಥವಲ್ಲ. 12 ವೋಲ್ಟಿನ ಹಳದಿ ವೈರಿನಲ್ಲಿ 11.4ರಿಂದ 12.6ರ ಒಳಗೆ ಬರಬೇಕು. 5 ವೋಲ್ಟಿನ ಕೆಂಪು ವೈರಿನಲ್ಲಿ 4.75ರಿಂದ 5.25. ಅದನ್ನೂ ಕೆಲಸದ ಹೊರೆ ಇರುವಾಗ ನೋಡಬೇಕು. ಸುಮ್ಮನೆ ಇರುವಾಗ ಸರಿಯಾಗಿ ತೋರಿಸಿ, ಹೊರೆ ಬಿದ್ದಾಗ ಕುಸಿಯುವ ಎಸ್‌ಎಂಪಿಎಸ್‌ಗಳು ಬೇಕಾದಷ್ಟಿವೆ.

ಆಮೇಲೆ ಪ್ಲಗ್ ಕಿತ್ತು ಡಬ್ಬ ಬಿಚ್ಚಿದ. ದಯವಿಟ್ಟು ಇದನ್ನು ಮನೆಯಲ್ಲಿ ಮಾಡಬೇಡಿ. ನಮ್ಮ ಗೋಡೆಯ 230 ವೋಲ್ಟ್ ಎಸಿ ಒಳಗೆ ಹೋದ ಮೇಲೆ ಸುಮಾರು 325 ವೋಲ್ಟ್ ಡಿಸಿ ಆಗಿ ಕರೆಂಟ್ ಕೂಡಿಡುವ ದೊಡ್ಡ ಕೆಪಾಸಿಟರ್‌ನಲ್ಲಿ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ತಮ್ಮ ಬಿಚ್ಚಿದ ಕೂಡಲೇ ಮಾಡಿದ ಮೊದಲ ಕೆಲಸವೇ ಅದರ ಎರಡು ಕಾಲುಗಳಿಗೆ ಮೀಟರ್ ಇಟ್ಟು ನೋಡಿದ್ದು.

ಒಳಗೆ ಏನಿತ್ತು ಅಂತ ಹೇಳಲೇಬೇಕು. ಹೊರಗೆ ಕೊಡುವ ಕಡೆ ಸಾಲಾಗಿ ನಿಂತ ಚಿಕ್ಕ ಕೆಪಾಸಿಟರ್‌ಗಳು. ಅವುಗಳ ತಲೆ ಚಪ್ಪಟೆಯಾಗಿರಬೇಕು. ಮೂರರ ತಲೆ ಪೂರಿಯ ಹಾಗೆ ಉಬ್ಬಿತ್ತು. ಒಂದರ ತಲೆ ಸೀಳಿ ಕಂದು ಬಣ್ಣದ ಅಂಟು ಹೊರಬಂದು ಒಣಗಿತ್ತು. ವಾಸನೆ ಅದರದ್ದೇ. ಕರೆಂಟ್ ಒಳಗೆ ಬರುವ ಕಡೆ ಬೋರ್ಡಿನ ಮೇಲೆ ಕರೆಂಟನ್ನು ಸೋಸುವ ತಂತಿ ಸುರುಳಿಯ, ಅಂದರೆ ಕಾಯಿಲ್‌ನ ಚಿತ್ರ ಅಚ್ಚಾಗಿದೆ, ಆದರೆ ಕಾಯಿಲ್ ಇಲ್ಲ. ಅದರ ಜಾಗದಲ್ಲಿ ಎರಡು ಬರಿಯ ತಂತಿ ತುಂಡುಗಳು. ಹೊರಗಿನಿಂದ ಏರಿ ಬರುವ ವೋಲ್ಟೇಜನ್ನು ಹೀರಿಕೊಳ್ಳುವ ಭಾಗ ಕೂರಬೇಕಾದ ಎರಡು ತೂತುಗಳು ಖಾಲಿ. "ನೋಡಕ್ಕ, ಡಿಸೈನ್‌ನಲ್ಲಿ ಎಲ್ಲಾ ಇದೆ. ಹಾಕೋವಾಗ ಬಿಟ್ಟಿದ್ದಾರೆ" ಅಂದ. ನಾಲ್ಕು ವರ್ಷ ನನ್ನ ಅನ್ನದ ಕಂಪ್ಯೂಟರ್ ಈ ಖಾಲಿ ತೂತುಗಳ ನಂಬಿಕೆಯ ಮೇಲೆ ನಡೆದಿತ್ತು. ನನಗೆ ನಿಜಕ್ಕೂ ಸಿಟ್ಟು ಬಂತು.

ಇದು ಎಲ್ಲಿಂದ ಬಂತು? ಸಿಸ್ಟಮ್ ಅಸೆಂಬಲ್ ಮಾಡಿಸುವಾಗ ಪ್ರಾಸೆಸರ್ ಯಾವುದು, ರ್‍ಯಾಮ್ ಎಷ್ಟು, ಎಸ್‌ಎಸ್‌ಡಿ ಎಷ್ಟು ಅಂತ ಹತ್ತು ಸಲ ಕೇಳಿದ್ದೆ. ಎಸ್‌ಎಂಪಿಎಸ್ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಬಿಲ್ಲಿನಲ್ಲಿ "ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್" ಅಂತ ಒಂದೇ ಸಾಲು. ಅಂದರೆ ಕ್ಯಾಬಿನೆಟ್ ಜೊತೆ ಫ್ರೀ. ನಮ್ಮಲ್ಲಿ ಮನೆಗಳಿಗೆ, ಸಣ್ಣ ಆಫೀಸುಗಳಿಗೆ ಹೋಗುವ ಎಷ್ಟೋ ಸಿಸ್ಟಮ್‌ಗಳು ಹೀಗೇ ಹೋಗುತ್ತವೆ. ಕಂಪ್ಯೂಟರಿನ ಪ್ರತಿಯೊಂದು ಭಾಗಕ್ಕೂ ಊಟ ಬಡಿಸುವ ಡಬ್ಬ ಇದು. ಇದನ್ನು ಫ್ರೀ ಕೊಡುತ್ತೇವೆ ಅಂದಾಗಲೇ ನಾವು ಅನುಮಾನ ಪಡಬೇಕಿತ್ತು, ಅಲ್ವಾ?

ಲೇಬಲ್ ತೋರಿಸಿ ತಮ್ಮ ಒಂದು ಲೆಕ್ಕ ಹೇಳಿಕೊಟ್ಟ. ಈ ಬರಹದಲ್ಲಿ ಒಂದೇ ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 450 ವ್ಯಾಟ್. ಕೆಳಗೆ ಸಣ್ಣ ಪಟ್ಟಿ. ಅದರಲ್ಲಿ 12 ವೋಲ್ಟಿಗೆ 15 ಆಂಪ್. ಗುಣಿಸಿ: 180 ವ್ಯಾಟ್. ಉಳಿದದ್ದನ್ನು 5 ವೋಲ್ಟು, 3.3 ವೋಲ್ಟುಗಳ ಲೆಕ್ಕದಲ್ಲಿ ತುಂಬಿಸಿ 450ರ ಹತ್ತಿರ ತಂದಿದ್ದಾರೆ. ಆದರೆ ಈಗಿನ ಕಂಪ್ಯೂಟರ್ ಹೆಚ್ಚಿನ ವಿದ್ಯುತ್ ಎಳೆಯುವುದು 12 ವೋಲ್ಟಿನಿಂದ. ಪ್ರಾಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಅಲ್ಲಿಂದಲೇ. 2000ದಲ್ಲಿ ಪೆಂಟಿಯಂ 4 ಬಂದ ಕಾಲದಿಂದಲೇ ಈ ಬದಲಾವಣೆ ಶುರುವಾಗಿದೆ. ಅದಕ್ಕೇ ಪ್ರಾಸೆಸರ್‌ಗೆ ಅಂತ ಬೇರೆ 4 ಪಿನ್ನಿನ ವೈರ್ ಬಂದದ್ದು. ನನ್ನ ಡಬ್ಬದ ಲೆಕ್ಕ ಅದಕ್ಕೂ ಹಿಂದಿನ ಕಾಲದ್ದು. ಒಳ್ಳೆಯ 450 ವ್ಯಾಟಿನ ಎಸ್‌ಎಂಪಿಎಸ್ ಆದರೆ 12 ವೋಲ್ಟಿನ ಸಾಲಿನಲ್ಲೇ 35 ಆಂಪ್ ಆಸುಪಾಸು ಬರೆದಿರುತ್ತಾರೆ. ಅಂದರೆ 420 ವ್ಯಾಟ್. ಎರಡರ ಮೇಲೂ ಬರೆದಿರುವುದು 450. ವ್ಯತ್ಯಾಸ ಎರಡು ಪಟ್ಟಿಗಿಂತ ಜಾಸ್ತಿ.

ಇನ್ನೊಂದು ವಿಷಯ ಆವತ್ತು ಅರ್ಥವಾಗಿ ಬೇಜಾರಾಯಿತು. ಒಂದು ವರ್ಷದಿಂದ ಕರೆಂಟ್ ಹೋದಾಗಲೆಲ್ಲ, ಯುಪಿಎಸ್ ಇದ್ದರೂ ಸಿಸ್ಟಮ್ ರೀಸ್ಟಾರ್ಟ್ ಆಗುತ್ತಿತ್ತು. ಯುಪಿಎಸ್ ಬ್ಯಾಟರಿ ಹೋಗಿದೆ ಅಂತ ಹೊಸದು ಹಾಕಿಸಿದೆ. ಆದರೂ ಅದೇ ಕಥೆ. ಮನೆಯಲ್ಲಿ ಇಡುವ ಸಣ್ಣ ಯುಪಿಎಸ್ ಕರೆಂಟಿನಿಂದ ಬ್ಯಾಟರಿಗೆ ದಾಟಲು ಕೆಲವು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಆ ಹೊತ್ತು ಎಸ್‌ಎಂಪಿಎಸ್ ತನ್ನ ದೊಡ್ಡ ಕೆಪಾಸಿಟರ್‌ನಲ್ಲಿ ಕೂಡಿಟ್ಟದ್ದರಲ್ಲಿ ಕಂಪ್ಯೂಟರನ್ನು ಹಿಡಿದು ನಿಲ್ಲಿಸಬೇಕು. ಒಳ್ಳೆಯದು 16 ಮಿಲಿಸೆಕೆಂಡ್ ಆಸುಪಾಸು ಹಿಡಿಯುತ್ತದೆ. ನನ್ನದರಲ್ಲಿ ಕೆಪಾಸಿಟರೇ ಚಿಕ್ಕದು, ಅದೂ ಸೊರಗಿತ್ತು. ತಪ್ಪು ಯುಪಿಎಸ್‌ನದ್ದಲ್ಲ. ನಿಮ್ಮ ಮನೆಯಲ್ಲೂ ಹೀಗಾಗುತ್ತಿದ್ದರೆ ಬ್ಯಾಟರಿಗೆ ದುಡ್ಡು ಹಾಕುವ ಮೊದಲು ಎಸ್‌ಎಂಪಿಎಸ್ ನೋಡಿಸಿ.

ಕೆಪಾಸಿಟರ್ ಬದಲಾಯಿಸಿ ರಿಪೇರಿ ಮಾಡಬಹುದಾ ಅಂತ ಕೇಳಿದೆ. ಮಾಡಬಹುದು ಅಂದ. ಬೇಡ ಅಂದ. ನನಗೂ ಅದೇ ಸರಿ ಅನ್ನಿಸಿತು. ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ ಒಂದು ಫ್ಯಾನ್ ಹೋಗಿದ್ದರೆ ರಿಪೇರಿಗೆ ಅರ್ಥವಿದೆ. ಬೇಕಾದ ಭಾಗಗಳನ್ನೇ ಹಾಕದ ಡಬ್ಬಕ್ಕೆ ನಾಲ್ಕು ಕೆಪಾಸಿಟರ್ ಹಾಕಿ ಏನು ಪ್ರಯೋಜನ?

ಭಾನುವಾರ, ಕಂಪ್ಯೂಟರ್ ಭಾಗಗಳು ಸಿಗುವ ಎಸ್.ಪಿ. ರೋಡಿನಲ್ಲಿ ಹೆಚ್ಚಿನ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಸೋಮವಾರ ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿ, ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದು ನಡೆದೆ. ಮೊದಲ ಅಂಗಡಿಯ ಹುಡುಗ ಕೇಳಿದ ತಕ್ಷಣ ಕೌಂಟರ್ ಮೇಲೆ ಒಂದನ್ನು ಇಟ್ಟ. "ಆರ್ನೂರೈವತ್ತು ಮೇಡಂ, 500 ವ್ಯಾಟ್, ಎಲ್ರೂ ಇದನ್ನೇ ತಗೊಳ್ಳೋದು." ಕೈಯಲ್ಲಿ ಎತ್ತಿದೆ. ಹಗುರ. ಎರಡು ತೆಂಗಿನಕಾಯಿಯಲ್ಲಿ ಬಲಿತದ್ದು ಯಾವುದು ಅಂತ ನಾವು ಕೈಯಲ್ಲೇ ತೂಗಿ ನೋಡುತ್ತೇವಲ್ಲ, ಇದಕ್ಕೂ ಆ ಪರೀಕ್ಷೆ ನಡೆಯುತ್ತದೆ. ಕಾಯಿಲ್, ಟ್ರಾನ್ಸ್‌ಫಾರ್ಮರ್, ಲೋಹದ ಹೀಟ್ ಸಿಂಕ್ ಇದ್ದರೆ ಡಬ್ಬ ಭಾರ ಬರಲೇಬೇಕು. ತಿರುಗಿಸಿ ಲೇಬಲ್ ನೋಡಿದೆ. 12 ವೋಲ್ಟ್, 16 ಆಂಪ್. ಬೇಡಪ್ಪ ಅಂದು ಮುಂದೆ ಹೋದೆ.

ಮೂರನೇ ಅಂಗಡಿಯಲ್ಲಿ ಇದ್ದವರು ವಯಸ್ಸಾದವರು. ಮಾರುವ ಅವಸರವಿಲ್ಲ. "ಗ್ರಾಫಿಕ್ಸ್ ಕಾರ್ಡ್ ಇದೆಯೇನಮ್ಮ?" ಅಂತ ಮೊದಲು ಕೇಳಿದರು. ಇಲ್ಲ ಅಂದೆ. "ಹಾಗಾದ್ರೆ 650, 750 ಎಲ್ಲಾ ನಿಮಗೆ ಬೇಡ. ಒಳ್ಳೇ 450 ಸಾಕು" ಅಂದರು. ದೊಡ್ಡದನ್ನು ಮಾರಬಹುದಾದವರು ಸಾಕು ಅಂದದ್ದು ಕೇಳಿ ಮನಸ್ಸಿಗೆ ಸಮಾಧಾನವಾಯಿತು. ನನ್ನಂಥ ಸಿಸ್ಟಮ್ ಕೆಲಸದ ಹೊತ್ತಿನಲ್ಲೂ 200 ವ್ಯಾಟ್ ದಾಟುವುದು ಅಪರೂಪ. ದುಡ್ಡು ಹಾಕಬೇಕಾದದ್ದು ವ್ಯಾಟಿನ ಮೇಲಲ್ಲ, ಗುಣಮಟ್ಟದ ಮೇಲೆ. ಗ್ರಾಫಿಕ್ಸ್ ಕಾರ್ಡ್ ಇರುವವರು ಮಾತ್ರ ಆ ಕಾರ್ಡ್ ಮಾಡಿದ ಕಂಪನಿ ಎಷ್ಟು ವ್ಯಾಟ್ ಹೇಳಿದೆ ಅಂತ ನೋಡಿಕೊಂಡು ಹೋಗಿ.

80 ಪ್ಲಸ್ ಬ್ರಾಂಜ್ ಗುರುತು ಇರುವ 450 ವ್ಯಾಟ್ ತೆಗೆದುಕೊಂಡೆ. ಎರಡು ಸಾವಿರದ ಒಂಬೈನೂರು ರೂಪಾಯಿ, ಐದು ವರ್ಷ ವಾರಂಟಿ. ಈ 80 ಪ್ಲಸ್ ಅನ್ನುವುದು 2004ರಿಂದ ಇರುವ ಗುರುತು. ಗೋಡೆಯಿಂದ ಎಳೆದದ್ದರಲ್ಲಿ ಎಷ್ಟು ಭಾಗ ಕಂಪ್ಯೂಟರಿಗೆ ಸೇರುತ್ತದೆ, ಎಷ್ಟು ಶಾಖವಾಗಿ ಪೋಲಾಗುತ್ತದೆ ಅಂತ ಅಳೆಯುತ್ತದೆ. ಬ್ರಾಂಜ್ ಅಂದರೆ ಅರ್ಧ ಹೊರೆಯಲ್ಲಿ ಶೇಕಡ 85. ಕಂಪ್ಯೂಟರಿಗೆ 200 ವ್ಯಾಟ್ ಬೇಕಾದರೆ ಗೋಡೆಯಿಂದ ಸುಮಾರು 235 ಎಳೆಯುತ್ತದೆ. ಶೇಕಡ 70ರ ಡಬ್ಬ ಆದರೆ 285. ಆ ಹೆಚ್ಚಿನ 50 ವ್ಯಾಟ್ ಪೂರ್ತಿ ಡಬ್ಬದೊಳಗೆ ಬಿಸಿಯಾಗಿ ಉಳಿಯುತ್ತದೆ. ಕೆಪಾಸಿಟರ್‌ಗೆ ಬಿಸಿಯೇ ಶತ್ರು. ಹತ್ತು ಡಿಗ್ರಿ ಬಿಸಿ ಏರಿದರೆ ಅದರ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ ಅಂತ ಈ ಕೆಲಸ ಬಲ್ಲವರ ಲೆಕ್ಕ. ಆದರೆ ಬ್ರಾಂಜ್, ಗೋಲ್ಡ್ ಅನ್ನುವುದು ಸುರಕ್ಷತೆಯ ಸರ್ಟಿಫಿಕೇಟ್ ಅಲ್ಲ. ವೋಲ್ಟೇಜ್ ಮೀರಿದರೆ, ಶಾರ್ಟ್ ಆದರೆ ತಾನೇ ಆಫ್ ಆಗುವ ವ್ಯವಸ್ಥೆ ಇದೆಯಾ ಅಂತ ಪೆಟ್ಟಿಗೆಯ ಮೇಲೆ ಬೇರೆ ನೋಡಬೇಕು. ಹೆಸರಿರುವ ಕಂಪನಿ ಅಂತ ಕಣ್ಣು ಮುಚ್ಚಿ ತೆಗೆದುಕೊಳ್ಳುವುದೂ ಬೇಡ. ಒಂದೇ ಕಂಪನಿಯಲ್ಲಿ ಸಾಧಾರಣ ಮಾಡೆಲ್ಲೂ ಇರುತ್ತದೆ, ಒಳ್ಳೆಯದೂ ಇರುತ್ತದೆ. ನನ್ನ ಪ್ರಕಾರ ವಾರಂಟಿಯ ವರ್ಷಗಳು ಹೆಚ್ಚು ನಿಜ ಹೇಳುತ್ತವೆ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಇಲ್ಲದಿದ್ದರೆ ವಾರಂಟಿ ಕೇಳುವಾಗ ಕಷ್ಟ.

ವೈರ್ ಬಿಚ್ಚಿ ಹಾಕುವ ಮಾಡ್ಯುಲರ್ ಎಸ್‌ಎಂಪಿಎಸ್ ತೆಗೆದುಕೊಳ್ಳುವವರಿಗೆ ಒಂದು ಮಾತು. ಹಳೆಯದರ ವೈರ್ ಚೆನ್ನಾಗಿದೆ ಅಂತ ಹೊಸದಕ್ಕೆ ಸಿಕ್ಕಿಸಬೇಡಿ. ಕನೆಕ್ಟರ್ ಸರಿಯಾಗಿ ಕೂತರೂ ಡಬ್ಬದ ಕಡೆಯ ಪಿನ್ನುಗಳ ಜೋಡಣೆ ಒಂದೊಂದು ಕಂಪನಿಯದ್ದು ಒಂದೊಂದು ಥರ. 5 ವೋಲ್ಟ್ ಹೋಗಬೇಕಾದ ಕಡೆ 12 ಹೋದರೆ ಡಿಸ್ಕ್ ಆ ಕ್ಷಣವೇ ಸುಟ್ಟು ಹೋಗುತ್ತದೆ.

ಹೊಸದನ್ನು ಹಾಕುವ ಮೊದಲು ತಮ್ಮ ಗೋಡೆಯ ಸಾಕೆಟ್ಟಿನ ಅರ್ಥಿಂಗ್ ನೋಡಿದ. ನಮ್ಮದು ಹಳೇ ಮನೆ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಂ ಅನ್ನುತ್ತಿತ್ತು, ಮಳೆಗಾಲದಲ್ಲಿ ಹಾಗೇ ಅಂದುಕೊಂಡಿದ್ದೆ. ಅರ್ಥ್ ವೈರ್ ಸಾಕೆಟ್ಟಿನ ಹಿಂದೆ ಎಲ್ಲಿಗೂ ಸೇರದೆ ಹಾಗೇ ನೇತಾಡುತ್ತಿತ್ತು. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್‌ನಿಂದ ಸ್ವಲ್ಪ ಕರೆಂಟ್ ಕ್ಯಾಬಿನೆಟ್ಟಿಗೆ ಬರುತ್ತದೆ, ಅದು ಭೂಮಿಗೆ ಇಳಿಯಲು ದಾರಿ ಬೇಕು. ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸಿದೆವು. ಈಗ ಜುಂ ಅನ್ನುವುದಿಲ್ಲ.

ಸೋಮವಾರ ರಾತ್ರಿ ಒಂಬತ್ತಕ್ಕೆ ಸ್ವಿಚ್ ಒತ್ತಿದೆ. ಬೋರ್ಡ್ ಉಳಿದಿತ್ತು, ಡಿಸ್ಕ್ ಉಳಿದಿತ್ತು. ಇನ್ನೂರ ನಲವತ್ತು ಪುಟಗಳೂ ಇದ್ದವು, ಉಳಿಸದೇ ಇದ್ದ ಕೊನೆಯ ಎರಡು ಪುಟ ಬಿಟ್ಟು. ಬುಧವಾರ ಬೆಳಿಗ್ಗೆ ಫೈಲ್ ಪ್ರೆಸ್ಸಿಗೆ ಹೋಯಿತು.

ತುಮಕೂರಿನಲ್ಲಿ ಓದುತ್ತಿರುವ ನಾದಿನಿಯ ಮಗ ಈ ವಾರ ಸಿಸ್ಟಮ್ ಅಸೆಂಬಲ್ ಮಾಡಿಸುತ್ತಿದ್ದಾನೆ. ದುಡ್ಡು ಕೊಡುವ ಮೊದಲು ಎಸ್‌ಎಂಪಿಎಸ್ ಲೇಬಲ್ಲಿನ ಫೋಟೋ ಕಳಿಸು ಅಂದಿದ್ದೆ. ನಿನ್ನೆ ರಾತ್ರಿ ಬಂತು. ಮೇಲೆ 500 ವ್ಯಾಟ್, ಕೆಳಗೆ 12 ವೋಲ್ಟಿಗೆ 14 ಆಂಪ್. "ಅತ್ತೆ, ಇದು ಕ್ಯಾಬಿನೆಟ್ ಜೊತೆ ಫ್ರೀ ಅಂತೆ" ಅಂತ ಕೆಳಗೆ ಬರೆದಿದ್ದ. ಬೇಡ ಕಣೋ, ಖಾಲಿ ಕ್ಯಾಬಿನೆಟ್ ಕೇಳು, ಎಸ್‌ಎಂಪಿಎಸ್ ಬೇರೆ ತಗೋ, ಕಡಿಮೆ ಬಿದ್ದ ದುಡ್ಡು ನಾನು ಹಾಕ್ತೀನಿ ಅಂದೆ. ಇವತ್ತು ಸಂಜೆ ಇನ್ನೊಂದು ಅಂಗಡಿಗೆ ಹೋಗುತ್ತಿದ್ದಾನೆ.